ವರ್ಷಕ್ಕೊಂದು ದಿನ ಒಲೆ ಹಚ್ಚದ ಅಕ್ಕೋರು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ತೀರಿಕೊಂಡವರ ಹೆಸರು ಬರೆದರೆ ಅವರಿಗೇನೂ ಆಗುವುದಿಲ್ಲವೆಂದು ನನಗೂ ಗೊತ್ತು. ಹೆದರಿಕೆ ಇರುವುದು ನನ್ನ ಸಲುವಾಗಿ. ಓದಿದವರು ಯಾರಾದರೂ ನಮ್ಮ ಓಣಿ ಹುಡುಕಿಕೊಂಡು ಬಂದರೆ, ಇದನ್ನು ಬರೆದ ಮಾಸ್ತರ ಯಾರೆಂದು ಚಹಾದಂಗಡಿಯಲ್ಲಿ ವಿಚಾರಿಸಿದರೆ ಏನು ಗತಿ ಎಂದು ಬರೆಯಲು ಕೂತಾಗಲೇ ಎದೆ ಹೊಡೆದುಕೊಳ್ಳುತ್ತಿದೆ. ಹುಮನಾಬಾದಿನ ನಮ್ಮ ಶಾಲೆಯಲ್ಲಿ ನನ್ನಂಥ ಪುಕ್ಕಲ ಇನ್ನೊಬ್ಬನಿರಲಿಲ್ಲ ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ಅದು ಪೂರ್ತಿ ನಿಜವಲ್ಲ. ಅಲ್ಲಿ ಇನ್ನೊಬ್ಬರಿದ್ದರು. ಹೋದ ತಿಂಗಳು ತೀರಿಕೊಂಡ ಅಕ್ಕೋರು ಅವರೇ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುವುದು ರೂಢಿ. ಅವರು ಸಣ್ಣ ತರಗತಿಗಳಿಗೆ ಕನ್ನಡ ಕಲಿಸುತ್ತಿದ್ದರು, ನಾನು ದೊಡ್ಡವರಿಗೆ ಗಣಿತ. ಇಬ್ಬರ ಮನೆಯೂ ಬಸವಕಲ್ಯಾಣದ ಒಂದೇ ಓಣಿಯಲ್ಲಿ. ಹೀಗಾಗಿ ಅವರು ನಿವೃತ್ತರಾಗುವ ತನಕ ದಿನಾ ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಹೋಗಿ ಸಂಜೆ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ಮದುವೆಯಾಗಿ ಎರಡು ವರ್ಷಕ್ಕೆ ಅವರ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಅದನ್ನು ಅವರು ಹೇಳಿಕೊಂಡದ್ದು ಒಂದೇ ಸಲ, ಅದೂ ಯಾರೋ ಸೀಟು ಬಿಟ್ಟುಕೊಡುವ ಗಡಿಬಿಡಿಯಲ್ಲಿ. ಸಣ್ಣ ಕುಳ್ಳಗಿನ ಆಕೃತಿ, ಸೆರಗನ್ನು ಎರಡೂ ಭುಜ ಮುಚ್ಚುವಂತೆ ಹೊದ್ದುಕೊಂಡು, ಕಂಕುಳಲ್ಲಿ ಊಟದ ಡಬ್ಬಿ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದರು.

ಅವರಿಗೆ ನಾಯಿಯೆಂದರೆ ಹೆದರಿಕೆ. ಬಸ್‌ಸ್ಟ್ಯಾಂಡಿನ ಹಿಂದೆ ಮಲಗಿರುತ್ತಿದ್ದ ಮುದಿ ನಾಯಿಯೊಂದನ್ನು ದಾಟುವಾಗ ನನ್ನ ಚೀಲದ ತುದಿ ಹಿಡಿದುಕೊಳ್ಳುತ್ತಿದ್ದರು. ನನಗೂ ನಾಯಿಯೆಂದರೆ ಅಷ್ಟಕ್ಕಷ್ಟೇ ಎಂದು ಅವರಿಗೆ ಹೇಳಲು ಮರ್ಯಾದೆ ಅಡ್ಡ ಬರುತ್ತಿತ್ತು. ಗುಡುಗೆಂದರೆ ಹೆದರಿಕೆ. ಗುಡುಗಿದಾಗ ಮಕ್ಕಳು ಅಂಜಬಾರದೆಂದು ಜೋರಾಗಿ ಮಗ್ಗಿ ಹೇಳಿಸುತ್ತಿದ್ದರು. ಅಂಜಿದ್ದು ಯಾರೆಂದು ಮಕ್ಕಳಿಗೆ ಚೆನ್ನಾಗಿ ಗೊತ್ತಿತ್ತು, ಪಾಪ, ಅವರ ಸಮಾಧಾನಕ್ಕೆ ಇನ್ನಷ್ಟು ಜೋರಾಗಿ ಹೇಳುತ್ತಿದ್ದವು. ಇನ್‌ಸ್ಪೆಕ್ಷನ್ ಎಂದರಂತೂ ಹಿಂದಿನ ದಿನದಿಂದಲೇ ಊಟ ಸೇರುತ್ತಿರಲಿಲ್ಲ. ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಬೇಕಾದರೆ ಬಾಗಿಲ ತನಕ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಇಂಥವರು ಒಂದು ಓಣಿಯನ್ನೇ ಎದುರು ಹಾಕಿಕೊಂಡರು ಎಂದರೆ ನಂಬುವುದು ಕಷ್ಟ. ಧೈರ್ಯವಂತರಾಗಿದ್ದರೆ ನಾನು ಅವರ ಬಗ್ಗೆ ಬರೆಯುತ್ತಿರಲಿಲ್ಲ, ಧೈರ್ಯವಂತರ ಬಗ್ಗೆ ಬರೆಯುವವರು ಬೇಕಾದಷ್ಟು ಜನರಿದ್ದಾರೆ.

ಮಕ್ಕಳನ್ನು ಹೊಡೆಯುತ್ತಿರಲಿಲ್ಲ. ಆದರೆ ಅವರ ಒಂದು ಪದ್ಧತಿ ಮಕ್ಕಳಿಗೆ ಹೊಡೆತಕ್ಕಿಂತ ಕಷ್ಟದ್ದಾಗಿತ್ತು. ತರಗತಿಯಲ್ಲಿ ಏನಾದರೂ ಕಳವಾದರೆ ಉಳಿದ ನಾವೆಲ್ಲ ಕದ್ದವರು ಯಾರೆಂದು ಕೇಳುತ್ತೇವೆ. ಅವರು ಹಾಗೆ ಕೇಳುತ್ತಿರಲಿಲ್ಲ. ತೆಗೆದುಕೊಳ್ಳುವುದನ್ನು ನೋಡಿ ಸುಮ್ಮನೆ ಕೂತವರು ಎದ್ದು ನಿಲ್ಲಿ ಎನ್ನುತ್ತಿದ್ದರು. ಮೊದಲು ಯಾರೂ ಏಳುತ್ತಿರಲಿಲ್ಲ. ಅವರು ಕಾಯುತ್ತಿದ್ದರು. ಒಬ್ಬ ಏಳುತ್ತಿದ್ದ, ಅವನನ್ನು ನೋಡಿ ಇನ್ನೊಬ್ಬಳು, ಕೊನೆಗೆ ಅರ್ಧ ತರಗತಿ ನಿಂತಿರುತ್ತಿತ್ತು. ಕದ್ದವನು ಯಾವಾಗ ವಸ್ತು ವಾಪಸ್ಸಿಟ್ಟನೋ ಯಾರಿಗೂ ತಿಳಿಯುತ್ತಿರಲಿಲ್ಲ.

ಇನ್ನು ಒಲೆಯ ವಿಷಯ. ನಮ್ಮ ಓಣಿಯಲ್ಲಿ ಸಾವಾದ ಮನೆಯಲ್ಲಿ ಅಂದು ಒಲೆ ಹಚ್ಚುವುದಿಲ್ಲ, ಅಂಗಳಕ್ಕೆ ರಂಗೋಲಿ ಹಾಕುವುದಿಲ್ಲ. ಅದನ್ನು ಕಂಡ ನೆರೆಯವರು ಕರೆಯದೆಯೇ ಜೋಳದ ರೊಟ್ಟಿ, ಒಗ್ಗರಣೆ ಹಾಕದ ಬ್ಯಾಳಿ ಮಾಡಿ ಒಯ್ದು ಕೊಡುತ್ತಾರೆ. ಸಾವಾದ ಮನೆಯವರು ಬೇಡವೆನ್ನುವಂತಿಲ್ಲ, ಒಯ್ದವರು ಯಾರು ಹೋದರೆಂದು ಬಾಯಿಬಿಟ್ಟು ಕೇಳುವಂತಿಲ್ಲ. ಹೇಳಿದರೆ ಕೇಳಿಸಿಕೊಳ್ಳುತ್ತಾರೆ, ಇಲ್ಲವಾದರೆ ಸ್ವಲ್ಪ ಹೊತ್ತು ಕೂತು ಎದ್ದು ಬರುತ್ತಾರೆ. ನಾವು ಆ ಓಣಿಗೆ ಬಾಡಿಗೆಗೆ ಬಂದ ಮೊದಲ ವರ್ಷ, ದೀಪಾವಳಿ ಮುಗಿದ ಮೇಲೆ, ಎಲ್ಲರ ಬಾಗಿಲಲ್ಲೂ ಕಾರ್ತಿಕದ ದೀಪ ಇದ್ದ ದಿನಗಳಲ್ಲಿ ಅಕ್ಕೋರ ಅಂಗಳ ಒಂದು ಬೆಳಿಗ್ಗೆ ಬೋಳಾಗಿತ್ತು. ಎದುರು ಮನೆಯ ಹಿರಿಯಾಕೆ ನನ್ನ ಹೆಂಡತಿಯನ್ನು ಕರೆದು, ಇವತ್ತು ಅಕ್ಕೋರ ಮನೆಗೆ ಎರಡು ರೊಟ್ಟಿ ಕೊಟ್ಟು ಬಾ, ಪ್ರತಿ ವರ್ಷದ್ದು ಎಂದರು. ಓಣಿಗೆಲ್ಲ ಕಾಕು, ಎಂದರೆ ಚಿಕ್ಕಮ್ಮ, ಆಗಿದ್ದ ಆಕೆಯ ಮಾತನ್ನು ಯಾರೂ ಮೀರುತ್ತಿರಲಿಲ್ಲ. ಯಾರದು ಎಂದು ಇವಳು ಕೇಳಿದರೆ, ಯಾರೋ ದೂರದವರು ಎಂದರಂತೆ. ಇಡೀ ಓಣಿಗೆ ಗೊತ್ತಿದ್ದದ್ದು ಅಷ್ಟೇ.

ಮುಂದೆ ಒಲೆ ಹೋಗಿ ಗ್ಯಾಸು ಬಂತು, ಹೊಗೆ ಏಳದ್ದರ ಬದಲು ಕುಕ್ಕರಿನ ಸೀಟಿ ಕೇಳದ್ದರಿಂದ ಸಾವು ತಿಳಿದುಕೊಳ್ಳುವುದು ಬಂತು. ರೊಟ್ಟಿ ಹೋಗುವುದು ಮಾತ್ರ ನಿಲ್ಲಲಿಲ್ಲ.

ಅದರ ಕಾರಣ ನನಗೆ ತಿಳಿದದ್ದು ಬಸ್ಸಿನಲ್ಲಿ. ಆ ದಿನಗಳಲ್ಲಿ ಎಲ್ಲೋ ದೂರದಲ್ಲಿ ಒಂದು ದೇಶದ ಸೈನ್ಯ ಇನ್ನೊಂದು ದೇಶದೊಳಗೆ ನುಗ್ಗಿ ಕೂತ ಸುದ್ದಿ ಪೇಪರಿನಲ್ಲಿ ದಿನಾ ಬರುತ್ತಿತ್ತು. ಚಿಟಗುಪ್ಪದ ಕಡೆಯ ವ್ಯಾಪಾರಿಯೊಬ್ಬರು ಪೇಪರು ಮಡಚಿ, ಆ ಸೈನ್ಯದ್ದು ಹೋಗಲಿ, ಆ ದೇಶದ ಮಂದಿಗಾದರೂ ನಾಚಿಕೆ ಬೇಡವೇ ಎಂದು ಶುರು ಮಾಡಿದರು. ಅವರ ಮಕ್ಕಳು ಹೋಗಿ ಬೇರೆಯವರ ಮನೆ ಹೊಕ್ಕಿದ್ದಾರೆ, ಇವರು ಊರಲ್ಲಿ ಊಟ ಮಾಡಿ ಮಲಗುತ್ತಾರೆ, ಎಂಥ ಜನ ಎಂದರು. ಬಸ್ಸಿಗೆ ಬಸ್ಸೇ ಹೌದೆಂದಿತು. ನಾನೂ ಹೌದೆಂದೆ. ಪಕ್ಕಕ್ಕೆ ತಿರುಗಿದರೆ ಅಕ್ಕೋರ ಮುಖ ಬಿಳಿಚಿಕೊಂಡಿತ್ತು. ವಾಂತಿ ಬರುತ್ತದೇನೋ ಎಂದು ಕಿಟಕಿ ತೆಗೆದೆ. ಅವರು ನನ್ನನ್ನು ನೋಡದೆ, ಕಿಟಕಿಯ ಹೊರಗಿನ ತೊಗರಿ ಹೊಲಗಳನ್ನು ನೋಡುತ್ತ ಮೆಲ್ಲಗೆ ಹೇಳತೊಡಗಿದರು.

ಅವರಿಗೊಬ್ಬ ತಮ್ಮ. ನಾರಾಯಣಪುರದಲ್ಲಿ ಹೊಲ ಮಾಡಿಕೊಂಡಿರುವ ಮಾಜಿ ಸೈನಿಕ, ಊರವರ ಬಾಯಲ್ಲಿ ಫೌಜಿ. ಅವನು ಇಪ್ಪತ್ತೈದರ ಹರೆಯದಲ್ಲಿದ್ದಾಗ ನಮ್ಮ ಸೈನ್ಯ ಸಮುದ್ರ ದಾಟಿ ಒಂದು ದೇಶಕ್ಕೆ ಹೋಗಿತ್ತು. ಅಲ್ಲಿ ಶಾಂತಿ ನೆಲೆಗೊಳಿಸಲು ಹೋಗಿದೆ ಎಂದು ರೇಡಿಯೊದಲ್ಲಿ ಹೇಳುತ್ತಿದ್ದರು. ಆ ದೇಶದ ಹೆಸರನ್ನೂ ನಾನು ಬರೆಯುವುದಿಲ್ಲ. ನನ್ನ ವಯಸ್ಸಿನವರಿಗೆ ಗೊತ್ತು, ಉಳಿದವರು ಮನೆಯ ಹಿರಿಯರನ್ನು ಕೇಳಬಹುದು. ತಮ್ಮ ಹೊರಟಾಗ ಅಕ್ಕೋರು ಆರತಿ ಎತ್ತಿ ಕಳಿಸಿದ್ದರು. ಶಾಲೆಯ ಮಕ್ಕಳಿಗೆ ಕಾಗದದ ಬಾವುಟ ಕೊಟ್ಟು ಹುಮನಾಬಾದಿನ ರಸ್ತೆಯ ಬದಿಗೆ ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ ಚಪ್ಪಾಳೆ ಹೊಡೆಸಿದ್ದರು. ಪೇಡೆ ಹಂಚಿದ್ದರು.

ತಮ್ಮ ತಿರುಗಿ ಬಂದ. ಹಾರ, ಮೆರವಣಿಗೆ ಎಲ್ಲ ಆಯಿತು. ಆದರೆ ಅವನು ತನ್ನ ಅಕ್ಕನ ಮನೆಯ ಬಾಗಿಲಲ್ಲೂ ನಿಂತು, ನಾನು, ನಾನು ಬಂದೀನಿ ಎಂದು ಕೂಗಿ, ಒಳಗಿನಿಂದ ಬಾ ಎನ್ನುವವರೆಗೆ ಹೊಸ್ತಿಲು ದಾಟುತ್ತಿರಲಿಲ್ಲ. ಹೊಲದ ಗುಡಿಸಲಿನ ಮುಂದೆಯೂ ಹಾಗೆಯೇ. ಫೌಜಿನ ಶಿಸ್ತು ಎಂದು ಜನ ಮೆಚ್ಚಿಕೊಂಡರು. ಅಕ್ಕೋರು ಮೆಚ್ಚಲಿಲ್ಲ, ಹತ್ತಿರ ಕೂಡಿಸಿಕೊಂಡು ಕೇಳಿದರು.

ಅವರ ತುಕಡಿ ಒಂದು ಹಳ್ಳಿಯಲ್ಲಿ ಒಂದು ಮನೆ ಹಿಡಿದುಕೊಂಡಿತ್ತಂತೆ. ಮನೆಯವರಿಗೆ ಹೊರಡಿರೆಂದು ಹೇಳಿದರು, ಅವರು ಉಟ್ಟ ಬಟ್ಟೆಯಲ್ಲಿ ಹೊರಟರು. ತಿಂಗಳುಗಟ್ಟಲೆ ಇವರು ಅಲ್ಲಿದ್ದರು. ಆ ಮನೆಯ ಒಲೆಯ ಮೇಲೆ ಅಡುಗೆ ಮಾಡಿಕೊಂಡರು, ಕಟ್ಟಿಗೆ ತೀರಿದಾಗ ಅದೇ ಮನೆಯ ಕಪಾಟಿನ ಬಾಗಿಲು ಮುರಿದು ಉರಿಗಿಟ್ಟರು. ಒಂದು ಬೆಳಿಗ್ಗೆ ಒಬ್ಬ ಮನುಷ್ಯ ನಡೆದು ಬಂದ. ಕಾವಲಿಗಿದ್ದವನು ತಮ್ಮ. ಹಿಂದಿಯಲ್ಲಿ ನಿಲ್ಲು ಎಂದ. ಆ ಮನುಷ್ಯ ತನ್ನ ಭಾಷೆಯಲ್ಲಿ ಏನೋ ಹೇಳುತ್ತ, ಮನೆಯ ಕಡೆ ಕೈ ತೋರಿಸುತ್ತ ಬರುತ್ತಲೇ ಇದ್ದ. ಇವನು ಗುಂಡು ಹಾರಿಸಿದ. ಮನುಷ್ಯ ಹೊಸ್ತಿಲ ಮೇಲೆ ಬಿದ್ದ. ಕೈಯಲ್ಲಿ ಏನೂ ಇರಲಿಲ್ಲ.

"ಅಂವ ಏನ್ ಅಂದ ಅಂತ ಇವತ್ತಿಗೂ ತಿಳಿದಿಲ್ಲ ಅಕ್ಕ ಅಂದ ತಮ್ಮ. ಇದು ನನ್ನ ಮನಿ ಅಂದಿರಬೇಕು ಅಂದ" ಎಂದು ಹೇಳಿ ಅಕ್ಕೋರು ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದುಕೊಂಡರು.

ಮರುವರ್ಷ ಆ ಮನುಷ್ಯ ಸತ್ತ ದಿನ ಬಂದಾಗ ಒಲೆಯ ಕಡೆಗೆ ಅವರ ಕೈ ಹೋಗಲಿಲ್ಲ. ವ್ರತವೆಂದಲ್ಲ, ಕಡ್ಡಿ ಗೀರಲು ಆಗಲಿಲ್ಲ, ಅಷ್ಟೇ. ರಂಗೋಲಿಯೂ ಹಾಕಲಿಲ್ಲ. ಎದುರಿನ ಕಾಕು ನೋಡಿದರು, ಸಾವಾಗಿದೆ ಎಂದು ತಿಳಿದುಕೊಂಡರು, ರೊಟ್ಟಿ ತಂದರು. ಅಕ್ಕೋರು ದೂರದವರು ಎಂದರು. ಮುಂದಿನ ವರ್ಷ ಕಾಕು ದಿನ ನೆನಪಿಟ್ಟು ತಾವೇ ತಂದರು. ತಪ್ಪು ತಿಳಿವಳಿಕೆಯಿಂದ ಶುರುವಾದದ್ದು ಓಣಿಯ ಪದ್ಧತಿಯಾಯಿತು.

ನಾನು ಗಣಿತದವನು, ಲೆಕ್ಕ ಸರಿಯಿಲ್ಲದಿದ್ದರೆ ಸುಮ್ಮನಿರಲಾರೆ. ಯುದ್ಧಕ್ಕೆ ಕಳಿಸಿದ್ದು ಸರಕಾರ, ಹುಕುಂ ಕೊಟ್ಟವರು ಯಾರೋ, ಗುಂಡು ಹಾರಿಸಿದವನು ನಿಮ್ಮ ತಮ್ಮ, ನಡುವೆ ನಿಮ್ಮದೇನಿದೆ ಎಂದು ಕೇಳಿದೆ. ನಮಗೆ ಅಲ್ಲಿ ನಡೆದದ್ದಾದರೂ ಎಲ್ಲಿ ಗೊತ್ತಿತ್ತು ಎಂದೂ ಕೇಳಿದೆ.  ಬಸವಕಲ್ಯಾಣದಲ್ಲಿ ಇಳಿದ ಮೇಲೆ, ನಾಯಿಯನ್ನು ದಾಟಿದ ಮೇಲೆ, ಅವರು ನನ್ನ ಚೀಲ ಬಿಟ್ಟು ಹೇಳಿದರು.

"ನನ್ನ ತಮ್ಮಗ ಹುಕುಂ ಇತ್ತು ಮಾಸ್ತರ್ರ. ಚಪ್ಪಾಳಿ ಹೊಡೀಲಿಕ್ಕ ನನಗ ಯಾರ ಹುಕುಂ ಇತ್ತು? ನಮ್ಮ ಸೈನ್ಯ, ನಮ್ಮ ಸೈನ್ಯ ಅಂತ ಹೇಳಿ ಪೇಡೆ ಹಂಚೀನಿ. ಅದು ಖರೇನ ನಮ್ದಾದ್ರ, ಆ ಮನುಷ್ಯಾನೂ ನಮ್ಮ ಪಾಲಿಗೇ ಬಂದಂಗ ಆತಿಲ್ರಿ?"

 ಸುತ್ತಮುತ್ತ ಯಾರಾದರೂ ಕೇಳಿಸಿಕೊಂಡರೇನೋ ಎಂದು ನೋಡಿದೆ. ಇದನ್ನೆಲ್ಲ ಬೇರೆ ಯಾರ ಮುಂದೆಯೂ ಆಡಬೇಡಿ ಎಂದು ಬೇಡಿಕೊಂಡೆ. ಅವರೂ ತಲೆಯಾಡಿಸಿದರು, ಆಡುವ ಧೈರ್ಯ ತಮಗೂ ಇಲ್ಲ ಎಂದರು. ಹೀಗೆ ಇಬ್ಬರು ಪುಕ್ಕಲರು ಸೇರಿ ಆ ಮಾತನ್ನು ಬಹಳ ವರ್ಷ ಮುಚ್ಚಿಟ್ಟೆವು.

ಅವರು ನಿವೃತ್ತರಾದರು, ನಾನೂ ಆದೆ. ಕಾಲ ಬದಲಾಯಿತು. ಟಿವಿಯಲ್ಲಿ ಸಂಜೆಯಾದರೆ ಯುದ್ಧದ ಮಾತು, ಮೊಬೈಲಿನಲ್ಲಿ ಬೆಳಗಾದರೆ ಅದೇ. ಯಾರು ಜೈ ಎಂದರು, ಯಾರು ಅನ್ನಲಿಲ್ಲ ಎಂದು ಜನ ಬಾಯಿ ನೋಡಿ ಲೆಕ್ಕವಿಡುವ ಕಾಲ. ಹೀಗಿರುವಾಗ ಹಿಂದಿನ ವರ್ಷ ಕಾರ್ತಿಕದಲ್ಲಿ ಓಣಿಯ ಹುಡುಗರು ಮಾಜಿ ಸೈನಿಕರ ಸನ್ಮಾನ ಇಟ್ಟುಕೊಂಡರು. ಮುಂದಾಳು ಎದುರು ಮನೆಯ ಕಾಕುವಿನ ಮೊಮ್ಮಗ, ಸಣ್ಣವನಿದ್ದಾಗ ಸಂಜೆ ಅಕ್ಕೋರ ಮನೆಯಲ್ಲಿ ಅಕ್ಷರ ಕಲಿತವನು. ಕೆಟ್ಟವನಲ್ಲ. ನನ್ನ ಹೆಂಡತಿಗೆ ಡೆಂಗ್ಯೂ ಆದಾಗ ರಕ್ತ ಕೊಟ್ಟವನು. ಅವನು ಗೆಳೆಯರೊಂದಿಗೆ ಅಕ್ಕೋರ ಮನೆಗೆ ಬಂದು, ಆಯಿತವಾರ ಫೌಜಿ ಕಾಕಾನನ್ನು ಜೀಪಿನಲ್ಲಿ ಮೆರೆಸುತ್ತೇವೆ, ಪ್ರತಿ ಮನೆಯ ಮುಂದೆ ರಂಗೋಲಿ ಇರಬೇಕು, ನಿಮ್ಮ ಬಾಗಿಲಲ್ಲಿ ಜೀಪು ನಿಲ್ಲುತ್ತದೆ, ನೀವು ಆರತಿ ಎತ್ತಬೇಕು ಎಂದ. ಆ ಆಯಿತವಾರ ಯಾವ ದಿನವೆಂದು ಅವನಿಗೇನು ಗೊತ್ತು. ಅಕ್ಕೋರು ಅವತ್ತು ಆಗುವುದಿಲ್ಲ ಎಂದರು. ಅವನಿಗೆ ನೆನಪಾಯಿತು: ಹೌದಲ್ಲ, ಅವತ್ತು ನಿಮ್ಮ ಮನೆಗೆ ನಮ್ಮಜ್ಜಿ ರೊಟ್ಟಿ ಕೊಡುತ್ತಾಳೆ, ಯಾರದದು ಎಂದು ಸಹಜವಾಗಿ ಕೇಳಿದ.

ಅಷ್ಟು ವರ್ಷ ಯಾರೂ ಕೇಳಿರಲಿಲ್ಲ. ಕೇಳಿದಾಗ ಸುಳ್ಳು ಹೇಳಲು ಅವರಿಗೆ ಬರಲಿಲ್ಲ. ಹೇಳಿಬಿಟ್ಟರು.

ಸಂಜೆಯ ಹೊತ್ತಿಗೆ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಅದು ಬಂದಿತ್ತು. ಮೂವತ್ತು ಚಿಲ್ಲರೆ ವರ್ಷ ನಮ್ಮ ತಾಯಂದಿರ ಕೈಯಿಂದ ರೊಟ್ಟಿ ಮಾಡಿಸಿ ದುಶ್ಮನರ ಸೂತಕ ಆಚರಿಸಿದ್ದಾಳೆ ಎಂದು ಯಾರೋ ಬರೆದಿದ್ದರು. ಅದರ ಕೆಳಗೆ ಬಂದದ್ದನ್ನು ಇಲ್ಲಿ ಬರೆಯಲಾರೆ. ನನ್ನ ಫೋನು ಟಿಂಗ್ ಎಂದಾಗಲೆಲ್ಲ ಅದನ್ನು ದಿಂಬಿನಡಿ ತುರುಕುತ್ತಿದ್ದೆ. ಮರುದಿನದಿಂದ ಹಾಲಿನವನು ಅವರ ಬಾಗಿಲಲ್ಲಿ ನಿಲ್ಲುವುದನ್ನು ಬಿಟ್ಟ. ಮುಸ್ಸಂಜೆಗೆ ಅವರ ಮಾಳಿಗೆಯ ತಗಡಿನ ಮೇಲೆ ಕಲ್ಲು ಬಿದ್ದ ಸದ್ದು ನಮ್ಮ ಮನೆಗೆ ಕೇಳಿಸಿತು. ನಾನು ದೀಪ ಆರಿಸಿದೆ. ಯಾಕೆ ಆರಿಸಿದಿರಿ ಎಂದು ಹೆಂಡತಿ ಕೇಳಿದಳು, ನನಗೇ ಗೊತ್ತಿರಲಿಲ್ಲ.

ಕಾಕು ಆ ವಾರದಲ್ಲಿ ಒಮ್ಮೆ ಅಕ್ಕೋರ ಮನೆಗೆ ಬಂದಿದ್ದರು. ನಾನೂ ನನ್ನ ಹೆಂಡತಿಯೂ ಅಲ್ಲೇ ಇದ್ದೆವು. ಎಂಬತ್ತು ದಾಟಿದ ಜೀವ, ಗೋಡೆ ಹಿಡಿದು ಬಂದು ಕೂತು, ಬೈಯುತ್ತಾರೆಂದು ನಾವು ಕಾದರೆ ಬೈಯಲಿಲ್ಲ. ಆ ಸತ್ತವನಿಗೆ ಮಕ್ಕಳಿದ್ದರೇನು ಎಂದು ಕೇಳಿದರು. ಗೊತ್ತಿಲ್ಲ ಎಂದರು ಅಕ್ಕೋರು. ಆಮೇಲೆ ಕಾಕು ಅಂದದ್ದು ಇಷ್ಟು:

"ನನಗ ಹೇಳಬೇಕಿತ್ತವ್ವ. ನನ್ನ ಕೈ ರೊಟ್ಟಿ ಅದು."

"ಹೇಳಿದ್ರ ತರ್ತಿದ್ದಿ ಏನು ಕಾಕು?"

"ಅದನ್ನ ನನಗ ಬಿಡಬೇಕಿತ್ತು" ಎಂದು ಎದ್ದು ಹೋದರು. ಅಕ್ಕೋರು ಆ ದಿನವಿಡೀ ಅತ್ತರು. ಕಲ್ಲು ಬಿದ್ದಾಗ ಅಳದವರು ಅವತ್ತು ಅತ್ತರು. ತಾವು ಮಾಡಿದ್ದರಲ್ಲಿ ತಪ್ಪೆಂದು ಅವರಿಗೆ ಅನ್ನಿಸಿದ್ದು ಅದೊಂದೇ.

ಉಳಿಯಲು ಒಂದು ಸುಲಭದ ದಾರಿ ಇತ್ತು. ಮೊಮ್ಮಗನೇ ಅದನ್ನು ನನ್ನ ಮೂಲಕ ಹೇಳಿ ಕಳಿಸಿದ್ದ. ಆ ದಿನ ಒಲೆ ಹಚ್ಚದಿರುವುದು ಅಲ್ಲಿ ಸತ್ತ ನಮ್ಮ ಜವಾನರ ನೆನಪಿಗೆ ಎಂದು ಒಂದು ಮಾತು ಹೇಳಲಿ, ನಾವು ವೀಡಿಯೊ ಮಾಡಿ ಹಾಕುತ್ತೇವೆ, ಎಲ್ಲ ತಣ್ಣಗಾಗುತ್ತದೆ, ಇಲ್ಲವಾದರೆ ಹುಡುಗರನ್ನು ತಡೆಯುವುದು ನನ್ನ ಕೈಲಾಗುವುದಿಲ್ಲ ಎಂದಿದ್ದ. ನನಗೆ ಹೋದ ಜೀವ ಬಂದಂತಾಯಿತು. ನಮ್ಮ ಜವಾನರೂ ಅಲ್ಲಿ ಸತ್ತಿದ್ದಾರಲ್ಲ, ಅದು ಪೂರ್ತಿ ಸುಳ್ಳೂ ಅಲ್ಲ ಎಂದು ಅಕ್ಕೋರಿಗೆ ವಾದ ಮಾಡಿದೆ. ಅವರಿಗೂ ಹೇಳಿಬಿಡುವ ಮನಸ್ಸಿತ್ತು. ಇದನ್ನು ಮುಚ್ಚಿಡಬಾರದು. ನಮ್ಮ ಅಡುಗೆಮನೆಯಲ್ಲಿ ಕೂತು ಅಭ್ಯಾಸ ಮಾಡಿದರು. "ಆ ದಿನ ನಾ ಒಲಿ ಹಚ್ಚೂದಿಲ್ಲ, ಯಾಕಂದ್ರ ನಮ್ಮ ಜವಾನರು" ಎನ್ನುವ ತನಕ ಬಂದು ನಿಲ್ಲುತ್ತಿದ್ದರು. ನೀರು ಕೇಳುತ್ತಿದ್ದರು. ಇನ್ನೊಮ್ಮೆ ನೋಡ್ತೀನ್ರಿ ಎನ್ನುತ್ತಿದ್ದರು.  ಕೊನೆಗೆ ನನ್ನ ಹೆಂಡತಿ, ಅವರನ್ನು ಬಿಟ್ಟುಬಿಡಿ ಎಂದು ನನಗೆ ಗದರಿದಳು.

"ಭಾಳ ಅಂಜಿಕಿ ಬರಾಕತ್ತದ್ರಿ ಮಾಸ್ತರ್ರ. ಆದ್ರ ಅಂವ ಅಲ್ಲಿ ಒಬ್ಬಂವನ ಬಿದ್ದಾನ. ಇಲ್ಲಿ ನಾನೂ ಇದು ಅಂವನ ಸಲುವಾಗಿ ಅಲ್ಲ ಅಂದ್ರ, ಅಂವಗ ಯಾರೂ ಇಲ್ಲಂಗ ಆಗ್ತದ" ಎಂದರು ಅಕ್ಕೋರು.

ಆಯಿತವಾರ ಬಂತು. ಓಣಿಯ ಈ ತುದಿಯಿಂದ ಆ ತುದಿಗೆ ಮೂರು ಬಣ್ಣದ ರಂಗೋಲಿ. ನಡುವೆ ಅಕ್ಕೋರ ಅಂಗಳ ಮಾತ್ರ ಬೋಳು. ನಮ್ಮ ಅಂಗಳದಲ್ಲಿ ಹೆಂಡತಿ ಎರಡು ಎಳೆ 'ಹಾಕಿದೆ' ಎನ್ನಿಸುವಷ್ಟು ಎಳೆದಿದ್ದಳು. ನಾನು ಬೆಳಿಗ್ಗೆಯೇ ಅಕ್ಕೋರ ಮನೆಗೆ ಹೋಗಿ ಕೂತೆ. ಸಹಾಯಕ್ಕೆ ಹೋದೆನೆನ್ನಬೇಡಿ, ನಮ್ಮ ಮನೆಯಲ್ಲಿ ಕೂತು ಆ ಬಾಗಿಲನ್ನು ನೋಡುತ್ತಿರುವುದು ಇನ್ನೂ ಭಯಂಕರವಾಗಿತ್ತು. ಟ್ರ್ಯಾಕ್ಟರಿನ ಮೇಲಿನ ಡಿಜೆಯ ಸದ್ದು ಮೊದಲು ಕೋಟೆಯ ಕಡೆಯಿಂದ ಬಂತು, ಆಮೇಲೆ ಹತ್ತಿರವಾಯಿತು, ಗೋಡೆಯ ಗೂಟದಲ್ಲಿದ್ದ ಚೀಲ ಅದುರತೊಡಗಿತು. ಕಿಟಕಿ ಮುಚ್ಚೋಣವೆಂದೆ. ಬೇಡವೆಂದರು. 

ಜೀಪು ಬಾಗಿಲಿಗೆ ಬಂದು ನಿಂತಿತು. ಆರತಿಗಾಗಿ ಡಿಜೆ ನಿಲ್ಲಿಸಿದರು.  ಅಕ್ಕೋರು ಎದ್ದು, ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದು ನಿಂತರು. ನಾನು ಅವರ ಹಿಂದೆ ನಿಂತೆ. ಇವತ್ತು ಈ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಆರತಿ ಇಲ್ಲ ಎಂದರು. ಧ್ವನಿ ಹೊರಗೆ ಎಷ್ಟು ಜನಕ್ಕೆ ಕೇಳಿಸಿತೋ. ಹಿಂದಿನಿಂದ ಯಾರೋ ಹೊಲಸು ಮಾತು ಎಸೆದರು. ಒಬ್ಬ ಬಗ್ಗಿ ನೆಲದಿಂದ ಏನೋ ಎತ್ತಿಕೊಂಡ.

ಆಗ ಫೌಜಿ ಜೀಪಿನಿಂದ ಇಳಿದ. ಅರವತ್ತು ದಾಟಿದವನು, ಕೋಟಿನ ಮೇಲೆ ಪದಕ, ಕೊರಳಲ್ಲಿ ಚೆಂಡುಹೂವಿನ ಹಾರ. ಅಕ್ಕನ ಮುಂದೆ ಬಂದು ಜನರ ಕಡೆ ತಿರುಗಿ ನಿಂತ. ಇಡೀ ಓಣಿಯಲ್ಲಿ ಅವನು ಆ ವಿಷಯ ಬಾಯಿಬಿಟ್ಟು ಆಡಿದ್ದು ಅದೇ ಮೊದಲು.

"ಅಕ್ಕ ಹೇಳಿದ್ದು ಖರೆ ಅದ. ಆ ಮನುಷ್ಯಾಗ ಹೊಡದಂವ ನಾ. ಅಂವನ ಕೈಯಾಗ ಏನೂ ಇರ್ಲಿಲ್ಲ. ಅಂವನ ಮನಿ ಅದು, ಅಂವನ ಬಾಗಲ. ಇವತ್ತ ನನಗ ಹಾರ ಹಾಕಬ್ಯಾಡ್ರಿ."

ಹೇಳಿ ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡ.  ಇನ್ನು ಅವನ ಮೇಲೆಯೇ ಕಲ್ಲು ಬೀಳುತ್ತದೆ, ಅಕ್ಕತಮ್ಮ ಎನ್ನದೆ ಹೊಡೆಯುತ್ತಾರೆ ಎಂದು ನಾನು ಬಾಗಿಲ ಹಿಂದೆ ಸರಿದೆ. ಕಾಕುವಿನ ಮೊಮ್ಮಗ ಅತ್ತಿತ್ತ ನೋಡಿದ. ಆಮೇಲೆ ಅವನ ಮುಖದಲ್ಲಿ ಒಂದು ಸಮಾಧಾನ ಮೂಡಿತು, ಬಿಡಿಸಲಾಗದ ಲೆಕ್ಕಕ್ಕೆ ಉತ್ತರ ಹೊಳೆದಾಗ ಹುಡುಗರಿಗೆ ಆಗುವಂಥದ್ದು. ಮುಂದೆ ಬಂದು ಆ ಹಾರವನ್ನು ಫೌಜಿಯ ಕೈಯಿಂದ ತೆಗೆದುಕೊಂಡ.

"ಕಾಕಾ, ನೀವು ನಿಮ್ಮ ಸಲುವಾಗಿ ಹೊಡದಿಲ್ಲ, ನಮ್ಮೆಲ್ಲರ ಸಲುವಾಗಿ ಹೊಡದೀರಿ. ಪಾಪ ಇದ್ರ ನಮ್ಮ ಮ್ಯಾಲ ಇರ್ಲಿ, ನಾವು ಹೊರ್ತೀವಿ" ಎಂದು ಹಾರವನ್ನು ಮತ್ತೆ ಅವನ ಕೊರಳಿಗೆ ಹಾಕಿದ.

ಓಣಿ ಹೋ ಎಂದಿತು. ಹೊಲಸು ಮಾತು ಎಸೆದವನೇ ಮೊದಲು ಜೈ ಎಂದ. ನೆಲದಿಂದ ಎತ್ತಿಕೊಂಡವನು ಕೈಯಲ್ಲಿದ್ದದ್ದನ್ನು ಬಿಟ್ಟು ಫೌಜಿಯ ಕಾಲ ಕೆಳಗೆ ಭುಜ ಕೊಟ್ಟ. ನಾಲ್ಕು ಜನ ಸೇರಿ ಅವನನ್ನು ಮೇಲೆತ್ತಿದರು. ಅವನು ಇಳಿಸಿರಪ್ಪ, ಇಳಿಸಿ ಎನ್ನುತ್ತಿದ್ದ. ಡಿಜೆ ಮತ್ತೆ ಶುರುವಾಗಿತ್ತು, ಅವನ ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ಹಾಗೇ ಹೊತ್ತುಕೊಂಡು ಓಣಿಯ ತಿರುವು ದಾಟಿ ಹೋದರು. ಅಕ್ಕೋರ ಕಡೆ ಯಾರೂ ತಿರುಗಿ ನೋಡಲಿಲ್ಲ.

ಅವರು ಹೊಸ್ತಿಲ ಮೇಲೆ ಕುಸಿದು ಕೂತರು.

"ಕಲ್ಲು ಬೀಳ್ತಾವಂತ ಅಂಜಿದ್ದೆ ಮಾಸ್ತರ್ರ. ಇದಕ್ಕ ಅಂಜಬೇಕಿತ್ತು ನಾವು" ಎಂದರು.

ಅಂದು ಮಧ್ಯಾಹ್ನ ಓಣಿ ಖಾಲಿಯಾದ ಮೇಲೆ ಕಾಕು ಬಂದರು. ಬಾಗಿಲಿನಿಂದ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಆಮೇಲೆ ಸೆರಗಿನಡಿ ತಟ್ಟೆ ಹಿಡಿದು ರಸ್ತೆ ದಾಟಿದರು. ಇವತ್ತು ಗೊತ್ತಿದ್ದು ತಂದಿದ್ದೇನೆ ಎಂದಷ್ಟೇ ಹೇಳಿ ತಟ್ಟೆ ಇಟ್ಟರು. ಅಕ್ಕೋರು ಒಂದು ರೊಟ್ಟಿ ತಿಂದರು. ಉಳಿದ ಯಾವ ಮನೆಯಿಂದಲೂ ಏನೂ ಬರಲಿಲ್ಲ.

ಆಮೇಲೆ ಅವರಿಗೆ ಯಾರೂ ತೊಂದರೆ ಕೊಡಲಿಲ್ಲ. ಹಾಲಿನವನು ಮತ್ತೆ ನಿಲ್ಲತೊಡಗಿದ. ಎದುರು ಸಿಕ್ಕ ಹುಡುಗರು ಕೈ ಮುಗಿಯುತ್ತಿದ್ದರು. ಕೈ ಮುಗಿದಾಗಲೆಲ್ಲ ಅವರು ಸೆರಗನ್ನು ಇನ್ನಷ್ಟು ಎಳೆದುಕೊಳ್ಳುತ್ತಿದ್ದರು. ಓಣಿಯಲ್ಲಿ ಓಡಾಡುವುದು ಕಡಿಮೆಯಾಯಿತು, ಊಟವೂ ಕಡಿಮೆಯಾಯಿತು. ಹೋದ ತಿಂಗಳು ಒಂದು ಬೆಳಿಗ್ಗೆ ಏಳಲೇ ಇಲ್ಲ. ನನಗೆ ಜೀವನದಲ್ಲಿ ಜೊತೆಗೆ ಹೆದರಲು ಇದ್ದ ಒಬ್ಬರು ಹೋದರು.

ಮಣ್ಣು ಮಾಡಿ ಬಂದ ಮರುದಿನ ಓಣಿಯ ಬಾಯಲ್ಲಿ, ಚಹಾದಂಗಡಿಯ ಮೇಲೆ, ಒಂದು ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ವೀರಯೋಧನ ಸಹೋದರಿಗೆ ಭಾವಪೂರ್ಣ ಶ್ರದ್ಧಾಂಜಲಿ ಎಂದಿತ್ತು. ಶಾಲೆಯ ಗುಂಪು ಫೋಟೋದಿಂದ ಅವರ ಮುಖ ತೆಗೆದು ದೊಡ್ಡದು ಮಾಡಿದ್ದರು. ಬೆನ್ನ ಹಿಂದೆ ಬಾವುಟ, ಬಾವುಟದ ಹಿಂದೆ ಹೊಗೆ ಉಗುಳುವ ಒಂದು ಟ್ಯಾಂಕು. ಕೆಳಗಿನ ಸಾಲಿನಲ್ಲಿ ದುಃಖತಪ್ತರ ಸಣ್ಣ ಸಣ್ಣ ಫೋಟೋಗಳು. ಎಡದಿಂದ ಐದನೆಯದು ನಾನು. ನಿವೃತ್ತಿಯ ದಿನ ರುಮಾಲು ಸುತ್ತಿ ಹಲ್ಲು ಬಿಟ್ಟು ನಕ್ಕಿದ್ದ ಮುಖ. ಯಾರೂ ನನ್ನನ್ನು ಕೇಳಿರಲಿಲ್ಲ. ಇದನ್ನು ತೆಗೆಯಿರಿ ಎಂದು ಹೇಳಲು ನಾನೂ ಹೋಗಲಿಲ್ಲ. ಪೇಟೆಗೆ ಹೋಗಲು ಬೇರೆ ದಾರಿ ಹಿಡಿದೆ.

ಮೂರನೆಯ ದಿನ ಫೌಜಿ ನಾರಾಯಣಪುರದಿಂದ ಕುಡುಗೋಲು ಹಿಡಿದು ಬಂದ. ಬಂದವನೇ ಫ್ಲೆಕ್ಸಿನ ಹಗ್ಗಗಳನ್ನು ಒಂದೊಂದಾಗಿ ಕೊಯ್ದು ಕೆಳಗಿಳಿಸಿದ. ಹಿಂದಿನ ದಿನ ತಪ್ಪಿಸಿಕೊಂಡಿದ್ದ ನಾನು ಅಂದು ಚಹಾದಂಗಡಿಯ ಬೆಂಚಿನಲ್ಲಿದ್ದೆ. ಇನ್ನೇನು ಆಗುತ್ತದೋ ಎಂದು ನೋಡಿದರೆ, ಹುಡುಗರು ಓಡಿ ಬಂದು ಅದನ್ನು ಸುರುಳಿ ಸುತ್ತಲು ಸಹಾಯ ಮಾಡಿದರು. ಅಕ್ಕನ ನೆನಪಿಗೆ ಮನೆಗೆ ಒಯ್ಯುತ್ತಿದ್ದಾನೆ ಎಂದೇ ಅವರು ತಿಳಿದರು. ಜೋಪಾನವಾಗಿ ಒಯ್ಯಿರಿ ಕಾಕಾ, ವರ್ಷಕ್ಕೆ ಇನ್ನೊಂದು ಹೊಸದು ಮಾಡಿಸುತ್ತೇವೆ ಎಂದ ಕಾಕುವಿನ ಮೊಮ್ಮಗ. ಫೌಜಿ ಸುರುಳಿಯನ್ನು ಹೆಗಲಿಗೇರಿಸಿ ನನ್ನ ಮುಂದೆ ಬಂದು ನಿಂತ.

"ಮಾಸ್ತರ್ರ, ಇದನ್ನ ಒಯ್ದು ಸುಡಾಂವಿದ್ದೀನಿ. ನಿಮ್ಮ ಫೋಟೋ ಅದ ಇದರಾಗ. ಕೊಯ್ದು ಕೊಡ್ಲೇನು, ಕೂಡೇ ಸುಡ್ಲೇನು?"

ಸುಡಿ ಎಂದೆ. ಎಷ್ಟು ಮೆಲ್ಲಗೆ ಎಂದೆನೆಂದರೆ, ಏನಂದ್ರಿ ಎಂದು ಅವನು ಇನ್ನೊಮ್ಮೆ ಕೇಳಿದ. ಮತ್ತೆ ಹೇಳುವ ಮೊದಲು ಸುತ್ತ ಯಾರಿದ್ದಾರೆಂದು ನೋಡಿದೆ. ಎಲ್ಲರೂ ಇದ್ದರು. ಚಹಾದವನು ಸೋಸುವುದನ್ನು ನಿಲ್ಲಿಸಿ ನನ್ನ ಬಾಯಿಯನ್ನೇ ನೋಡುತ್ತಿದ್ದ.

"ಕೂಡೇ ಸುಡ್ರಿ" ಎಂದೆ.